ಬಾಯ್ಲ್‌ಸ್ಟನ್ ಸ್ಟೇಷನ್‌ಗೆ ಇನ್ನೂ ಲಿಫ್ಟ್ ಯಾಕಿಲ್ಲ?

ಬಾಸ್ಟನ್‌ನಲ್ಲಿ ಟ್ರೆಮಾಂಟ್ ಸ್ಟ್ರೀಟೂ ಬಾಯ್ಲ್‌ಸ್ಟನ್ ಸ್ಟ್ರೀಟೂ ಸೇರೋ ಮೂಲೇಲಿ, ಕಾಮನ್ ಅನ್ನೋ ಹಳೇ ಪಾರ್ಕಿನ ಅಂಚಲ್ಲಿ ಎರಡು ಪುಟ್ಟ ಕಲ್ಲಿನ ಕಟ್ಟಡ ಇದಾವೆ. ಬಾಗಿಲು ದಾಟಿದ್ರೆ ಮೆಟ್ಟಿಲು, ಮೆಟ್ಟಿಲಿಳಿದ್ರೆ ಟ್ರಾಮು. 1897ರ ಸೆಪ್ಟೆಂಬರ್ 1ಕ್ಕೆ ಶುರುವಾದ, ಅಮೆರಿಕದ ಮೊಟ್ಟಮೊದಲ ಸಬ್‌ವೇ ಸ್ಟೇಷನ್‌ಗಳಲ್ಲಿ ಒಂದು ಇದು, ಇವತ್ತಿಗೂ ಗ್ರೀನ್ ಲೈನ್ ಟ್ರಾಮ್‌ಗಳು ಇಲ್ಲಿ ದಿನಾ ನಿಲ್ತಾವೆ. ಆದ್ರೆ ಮೆಟ್ಟಿಲು ಬಿಟ್ರೆ ಬೇರೆ ದಾರಿ ಇಲ್ಲ. ಲಿಫ್ಟ್ ಇಲ್ಲ, ರ‍್ಯಾಂಪ್ ಇಲ್ಲ. ವೀಲ್‌ಚೇರಲ್ಲಿ ಬಂದೋರು ಆ ಬಾಗಿಲ ಹತ್ರ ಬಂದು ವಾಪಸ್ ಹೋಗ್ಬೇಕು ಅಷ್ಟೇ.

ಯಾಕೆ ಹೀಗಾಯ್ತು ಅಂತ ತಿಳ್ಕೊಳ್ಳೋಕೆ 1890ರ ದಶಕಕ್ಕೇ ಹೋಗ್ಬೇಕು. ಆಗ ಟ್ರೆಮಾಂಟ್ ಸ್ಟ್ರೀಟಲ್ಲಿ ಎಷ್ಟು ಟ್ರಾಮ್ ಜಾಮ್ ಆಗ್ತಿತ್ತು ಅಂದ್ರೆ ಒಂದರ ಹಿಂದೆ ಒಂದು ನಿಂತಿರೋ ಟ್ರಾಮ್‌ಗಳ ಛಾವಣಿ ಮೇಲೇ ನಡ್ಕೊಂಡು ಹೋಗ್ಬಹುದು ಅಂತ ಊರೋರು ಹೇಳ್ತಿದ್ರಂತೆ. ಟ್ರಾಮ್‌ಗಳಿಗೆ ಕರೆಂಟ್ ಬಂದಿತ್ತು, ಹೊಗೆ ಇಲ್ಲ, ಹಾಗಾಗಿ ನೆಲದ ಕೆಳಗೆ ಓಡಿಸ್ಬಹುದು ಅನ್ನೋ ಯೋಚನೆ ಬಂತು. 1894ರಲ್ಲಿ ಜನರ ಮುಂದೆ ವೋಟಿಗೆ ಹಾಕಿದ್ರು, ಸಾವಿರ ಚಿಲ್ಲರೆ ವೋಟಲ್ಲಿ ಪಾಸಾಯ್ತು. ಅಂಗಡಿಯೋರು ವ್ಯಾಪಾರ ಹಾಳಾಗುತ್ತೆ ಅಂತ ಕೂಗಾಡಿದ್ರು, ಇನ್ನು ಕೆಲವರಿಗೆ ನೆಲದ ಕೆಳಗಿನ ಗಾಳಿ ಅಂದ್ರೇನೇ ಭಯ.

1895ರ ಮಾರ್ಚಲ್ಲಿ ಅಗೆಯೋಕೆ ಶುರು ಮಾಡಿದ್ರು. ಚೀಫ್ ಇಂಜಿನಿಯರ್ ಹೋವರ್ಡ್ ಕಾರ್ಸನ್. ಆಳದಲ್ಲಿ ಸುರಂಗ ಕೊರೆಯೋ ಕೆಲ್ಸ ಅಲ್ಲ ಇದು, ರೋಡನ್ನ ಮೇಲಿಂದ ಅಗೆದು, ಒಳಗೆ ಕಟ್ಟಿ, ಮತ್ತೆ ಮುಚ್ಚೋದು. ಮಾಮೂಲಿ ಮೆಟ್ಟಿಲಲ್ಲೇ ಪ್ಲಾಟ್‌ಫಾರ್ಮಿಗೆ ಇಳಿಯೋಷ್ಟು ಮೇಲಕ್ಕೇ ಇದೆ ಸ್ಟೇಷನ್, ಆ ಕಾಲಕ್ಕೆ ಅದೇ ದೊಡ್ಡ ಅನುಕೂಲ. ಅಗೀತಾ ಅಗೀತಾ ಪಕ್ಕದ ಹಳೇ ಸ್ಮಶಾನದ ಅಂಚು ಸಿಕ್ತು, 900ಕ್ಕೂ ಹೆಚ್ಚು ಜನರ ಅಸ್ಥಿ ತೆಗೆದು ಬೇರೆ ಕಡೆ ಹೂಳಬೇಕಾಯ್ತು. ಇನ್ನು 1897ರ ಮಾರ್ಚ್ 4ಕ್ಕೆ ಇದೇ ಮೂಲೇಲಿ ಗ್ಯಾಸ್ ಪೈಪ್ ಸೋರಿ, ಸುರಂಗಕ್ಕೂ ರೋಡಿಗೂ ನಡುವೆ ಗ್ಯಾಸ್ ತುಂಬ್ಕೊಂಡು, ಮೇಲೆ ಹೋಗ್ತಿದ್ದ ಟ್ರಾಮಿನ ಕಿಡಿ ತಾಗಿ ಸಿಡೀತು. ದಾರೀಲಿ ಹೋಗ್ತಿದ್ದೋರು ಹಲವರು ಸತ್ರು. ಆರೇ ತಿಂಗಳಿಗೆ ಸ್ಟೇಷನ್ ಓಪನ್ ಆಯ್ತು, ಟಿಕೆಟ್ 5 ಸೆಂಟ್. ಎಡ್ಮಂಡ್ ವೀಲ್‌ರೈಟ್ ಡಿಸೈನ್ ಮಾಡಿದ ಆ ಕಲ್ಲಿನ ಕಟ್ಟಡಗಳನ್ನ ನೋಡಿ ಜನ ಸಮಾಧಿ ಇದ್ದಂಗಿದೆ ಅಂದ್ರು.

ನನಗೆ ತುಂಬಾ ಕಾಡೋ ವಿಷಯ ಇನ್ನೊಂದಿದೆ. 1901ರಿಂದ 1908ರವರೆಗೆ ಇದೇ ಸುರಂಗದೊಳಗೆ, ಅಂಚಿನ ಹಳಿಗಳಲ್ಲಿ ಎಲಿವೇಟೆಡ್ ಟ್ರೇನ್‌ಗಳನ್ನ, ಅಂದ್ರೆ ಬೇರೆ ಕಡೆ ರೋಡಿನ ಮೇಲೆ ಕಂಬಗಳ ಮೇಲಿನ ಹಳಿಯಲ್ಲಿ ಓಡೋ ಟ್ರೇನ್‌ಗಳನ್ನ, ಓಡಿಸ್ತಿದ್ರು, ಅದಕ್ಕೋಸ್ಕರ ಎತ್ತರದ ಪ್ಲಾಟ್‌ಫಾರ್ಮ್ ಹಾಕಿದ್ರು, ಅಂದ್ರೆ ಬೋಗಿಯ ನೆಲಾನೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ಹತ್ತೋದೇ ಬೇಡ, ಸೀದಾ ನಡ್ಕೊಂಡು ಒಳಗೆ ಹೋಗೋದು. ಟ್ರೇನ್‌ಗಳಿಗೆ ವಾಷಿಂಗ್ಟನ್ ಸ್ಟ್ರೀಟಲ್ಲಿ ಬೇರೆ ಸುರಂಗ ಆಯ್ತು, ಅದನ್ನೆಲ್ಲ ಕಿತ್ತುಹಾಕಿದ್ರು, ಟ್ರಾಮೂ ಅದರ ಮೆಟ್ಟಿಲೂ ವಾಪಸ್ ಬಂದ್ವು. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದು ಇಲ್ಲೇ, ಈ ಗೋಡೆಗಳ ಮಧ್ಯಾನೇ ನಡೆದುಹೋಗಿದೆ.

ಆಮೇಲೆ 1960ರ ದಶಕದ ಶುರುವಲ್ಲಿ ಆ ಅಂಚಿನ ಹಳಿಗಳ ಸರ್ವೀಸ್ ನಿಂತುಹೋಯ್ತು. 1964ರಲ್ಲಿ ಈ ಸಬ್‌ವೇಗೆ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ತು, ಒಳ್ಳೇದೇ, ಆದ್ರೆ ಇನ್ಮೇಲೆ ಒಂದು ಕಲ್ಲು ಅಲ್ಲಾಡಿಸ್ಬೇಕಾದ್ರೂ ಹತ್ತು ಸಲ ಯೋಚನೆ ಮಾಡ್ಬೇಕು.

1990ರಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂತು. ಅದು ಹಳೇ ಸ್ಟೇಷನ್‌ಗಳಲ್ಲಿ ಮುಖ್ಯವಾದವನ್ನ ಆರಿಸ್ಕೊಂಡು ಮೊದಲು ಸರಿ ಮಾಡಿ ಅಂತು, ಎಲ್ಲಾನೂ ಒಟ್ಟಿಗೆ ಮಾಡಿ ಅನ್ನಲಿಲ್ಲ. 1999ರಿಂದ ನೆಲ ತಗ್ಗಿರೋ ಹೊಸ ಟ್ರಾಮ್‌ಗಳು ಬಂದ್ವು, ಅವೂ ಶುರುವಿಗೆ ಹಳಿ ತಪ್ಪಿ ತಪ್ಪಿ ಸತಾಯಿಸಿದ್ವು. 2002ರಲ್ಲಿ ಅಂಗವಿಕಲ ಪ್ರಯಾಣಿಕರು ಸಾರಿಗೆ ಸಂಸ್ಥೆ ಮೇಲೆ ಕೇಸ್ ಹಾಕಿದ್ರು, 2006ರಲ್ಲಿ ರಾಜಿ ಆಯ್ತು, ಲಿಫ್ಟ್‌ಗಳಿಗೆ ದುಡ್ಡು ಹಾಕ್ತೀವಿ ಅಂತ ಸಂಸ್ಥೆ ಒಪ್ಕೊಳ್ತು. ಬಾಸ್ಟನ್‌ನಲ್ಲಿ ಇವತ್ತು ನೀವು ನೋಡೋ ಎಷ್ಟೋ ಲಿಫ್ಟು ಆ ಜನ ಕೋರ್ಟು ಅಲೆದು ತಂದಿದ್ದು. ಪಕ್ಕದ ಆರ್ಲಿಂಗ್ಟನ್ ಸ್ಟೇಷನ್‌ಗೆ ಲಿಫ್ಟ್ ಬಂತು, ಅದರಾಚೆ ಕೋಪ್ಲಿಗೂ ಬಂತು. ಕೋಪ್ಲಿಯಲ್ಲಿ 2008ರ ಡಿಸೆಂಬರಲ್ಲಿ ಲಿಫ್ಟ್ ಕೆಲಸದ ವೇಳೆ ಪಕ್ಕದ ಓಲ್ಡ್ ಸೌತ್ ಚರ್ಚಿನ ಗೋಡೆ ಬಿರುಕು ಬಿಟ್ಟಿತ್ತು, ಹಳೇ ಊರಲ್ಲಿ ಅಗೆಯೋದು ಅಂದ್ರೆ ಹಂಗೇ.

ಬಾಯ್ಲ್‌ಸ್ಟನ್‌ದು ಇನ್ನೂ ಕಷ್ಟ ಅನ್ನೋದನ್ನ ಒಪ್ತೀನಿ. ಎರಡು ಪ್ಲಾಟ್‌ಫಾರ್ಮ್‌ಗೆ ಕೆಳಗಿಂದ ಒಂದಕ್ಕೊಂದು ದಾರಿ ಇಲ್ಲ, ತಪ್ಪು ಕಡೆ ಇಳಿದ್ರೆ ಮತ್ತೆ ಮೇಲೆ ಹತ್ತಿ ಇನ್ನೊಂದು ಬಾಗಿಲಲ್ಲಿ ಇಳೀಬೇಕು, ಅಂದ್ರೆ ಒಂದು ಲಿಫ್ಟ್ ಸಾಲಲ್ಲ, ಎರಡು ಬೇಕು. ಒಂದು ಕಡೆ ಸ್ಮಶಾನ, ಇನ್ನೊಂದು ಕಡೆ ಬ್ಯುಸಿ ರೋಡು, ಹಳಿ ಇಲ್ಲೇ ಹೆಚ್ಚುಕಮ್ಮಿ ಲಂಬಕೋನಕ್ಕೆ ತಿರುಗುತ್ತೆ, ಟ್ರಾಮ್ ಬರ್ಬೇಕಾದ್ರೆ ಚಕ್ರ ಕಿರ್ರ್ ಅಂತ ಕಿರುಚೋದು ಕಿವಿಗೆ ಚುಚ್ಚುತ್ತೆ. ಆದ್ರೂ ಕಷ್ಟ ಅನ್ನೋದು ಮೂವತ್ತು ವರ್ಷಕ್ಕೂ ಮೀರಿ ಕಾಯಿಸೋಕೆ ಸಾಕಾಗೋ ಕಾರಣ ಅಂತ ನನಗನ್ನಿಸಲ್ಲ. ಕುದುರೆಗಾಡಿ ಓಡಾಡ್ತಿರೋವಾಗ್ಲೇ ಇಡೀ ರೋಡು ಅಗೆದು ಎರಡೂವರೆ ವರ್ಷದಲ್ಲಿ ಟ್ರಾಮ್ ಓಡಿಸಿದ ಊರು ಅದು.

ಸದ್ಯಕ್ಕೆ ವೀಲ್‌ಚೇರಿನೋರು, ಮಗು ಗಾಡಿ ತಳ್ಳೋ ತಾಯಂದ್ರು ಮುಂದಿನ ಪಾರ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಲಿಫ್ಟ್ ಹತ್ತಿ, ಟ್ರೆಮಾಂಟ್ ಫುಟ್‌ಪಾತಲ್ಲಿ ಕಾಲು ಮೈಲಿ ವಾಪಸ್ ಬರ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದಿರುತ್ತೆ.