ಬೇಡವೆಂದು ಬರೆದ ಚಿತ್ರವೇ ನಿಯಮವಾದಾಗ

ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದಿದವರಿಗೆಲ್ಲ ಆ ಚಿತ್ರ ಗೊತ್ತು. ಸಾಫ್ಟ್‌ವೇರ್ ಕಟ್ಟುವ ಹಂತಗಳನ್ನು ತೋರಿಸುವ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಚೌಕಗಳು: ರಿಕ್ವೈರ್‌ಮೆಂಟ್ (ಏನೇನು ಬೇಕೆಂಬ ಪಟ್ಟಿ), ವಿಶ್ಲೇಷಣೆ, ಡಿಸೈನ್, ಕೋಡಿಂಗ್, ಟೆಸ್ಟಿಂಗ್, ಕೊನೆಗೆ ಬಳಕೆ. ನಾವು ವಾಟರ್‌ಫಾಲ್ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. 1970ರಲ್ಲಿ ಇದನ್ನು ಬರೆದ ವಿನ್‌ಸ್ಟನ್ ರಾಯ್ಸ್ ಮಾತ್ರ, ಹೀಗೇ ಮಾಡಹೊರಟರೆ ಅಪಾಯ, ಸೋಲನ್ನು ಕರೆದು ಕೂರಿಸಿದಂತೆ ಎಂದು ಅದೇ ಪ್ರಬಂಧದಲ್ಲಿ ಹೇಳಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಉದುರಿಹೋಯಿತು.

ಆ ಕಾಲದ ಕಷ್ಟ ಬೇರೆಯೇ ಇತ್ತು. ಪ್ರೋಗ್ರಾಮನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟು, ಕಂಪ್ಯೂಟರಿನ ಸರದಿ ಬರುವವರೆಗೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಸಾಲಿನ ಕೊನೆಗೆ. ಯಂತ್ರದ ಗಂಟೆ ಮನುಷ್ಯನ ಗಂಟೆಗಿಂತ ದುಬಾರಿಯಾಗಿದ್ದಾಗ ಎಲ್ಲವನ್ನೂ ಮೊದಲು ಕಾಗದದ ಮೇಲೆ ಯೋಚಿಸುವುದು ಜಾಣತನವೇ. ಆದರೂ ದೊಡ್ಡ ಯೋಜನೆಗಳು ತಡವಾಗುತ್ತಿದ್ದವು, ಬಜೆಟ್ ಮೀರುತ್ತಿದ್ದವು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಕರೆದ ಸಮ್ಮೇಳನದಲ್ಲಿ ಇದನ್ನು ‘ಸಾಫ್ಟ್‌ವೇರ್ ಬಿಕ್ಕಟ್ಟು’ ಎಂದೇ ಚರ್ಚಿಸಿದರು.

ರಾಯ್ಸ್ ಬಾಹ್ಯಾಕಾಶ ಯೋಜನೆಗಳ ಸಾಫ್ಟ್‌ವೇರ್‌ನಲ್ಲಿ ಪಳಗಿದವರು. ಅವರ ಪ್ರಬಂಧವನ್ನು ಓದಿದರೆ ಕುತೂಹಲ ಹುಟ್ಟುವುದು ಚಿತ್ರಗಳ ಸಾಲಿನಿಂದ. ಎರಡನೇ ಚಿತ್ರದಲ್ಲಿ ಬಾಣಗಳು ಕೆಳಕ್ಕೆ ಮಾತ್ರ. ಮೂರನೆಯದರಲ್ಲಿ ಪ್ರತಿ ಹಂತದಿಂದ ಹಿಂದಿನ ಹಂತಕ್ಕೆ ಒಂದು ವಾಪಸ್ ಬಾಣ. ಹೀಗಾದರೆ ಸಾಕಿತ್ತು ಎಂಬ ಆಸೆ ಅದು. ನಾಲ್ಕನೆಯದರಲ್ಲಿ ನಿಜ ಬಯಲಾಗುತ್ತದೆ: ಬಾಣ ಟೆಸ್ಟಿಂಗ್‌ನಿಂದ ಡಿಸೈನ್‌ಗೆ, ಅಲ್ಲಿಂದ ರಿಕ್ವೈರ್‌ಮೆಂಟ್‌ಗೇ ಹಾರುತ್ತದೆ. ಕಾರಣ ಸರಳ. ಮೆಮೊರಿ ಸಾಲುತ್ತದೆಯೇ, ವೇಗ ಸಾಲುತ್ತದೆಯೇ ಎಂಬುದು ಅನುಭವಕ್ಕೆ ಬರುವುದು ಟೆಸ್ಟಿಂಗ್‌ನಲ್ಲಿ. ಅಲ್ಲಿಯವರೆಗೆ ಎಲ್ಲವೂ ಲೆಕ್ಕಾಚಾರ. ಅಲ್ಲಿ ಎಡವಿದರೆ ಸಮಯವೋ ಖರ್ಚೋ ದುಪ್ಪಟ್ಟಾಗಬಹುದು ಎಂದು ಅವರು ಎಚ್ಚರಿಸಿದರು. ಪರಿಹಾರವಾಗಿ ಹೇಳಿದ್ದರಲ್ಲಿ ಒಂದು: ಹೊಸ ಬಗೆಯ ಕೆಲಸವಾದರೆ ಎರಡು ಸಲ ಮಾಡಿ. 30 ತಿಂಗಳ ಯೋಜನೆಗೆ 10 ತಿಂಗಳ ಪ್ರಾಯೋಗಿಕ ಆವೃತ್ತಿ ಇರಲಿ. ‘ವಾಟರ್‌ಫಾಲ್’ ಎಂಬ ಪದ ಆ ಪ್ರಬಂಧದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಎರಡನೇ ಚಿತ್ರವೇ ಗೆದ್ದದ್ದು ಹೇಗೆ? ನನ್ನ ಊಹೆ, ಅದು ಲೆಕ್ಕಪತ್ರದವರಿಗೆ ಅರ್ಥವಾಗುವ ಚಿತ್ರ. ಹಂತ ಮುಗಿಯಿತು, ದಾಖಲೆಗೆ ಸಹಿ ಬಿತ್ತು, ಕಂತಿನ ಹಣ ಬಿಡುಗಡೆ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಡಿಒಡಿ-ಎಸ್‌ಟಿಡಿ-2167 ಎಂಬ ಮಾನದಂಡ ತಂದಾಗ ಗುತ್ತಿಗೆದಾರರು ಅದನ್ನು ಹಂತಹಂತದ ಕಟ್ಟಪ್ಪಣೆ ಎಂದೇ ಓದಿಕೊಂಡರು. 1994ರಲ್ಲಿ ಅದರ ಜಾಗಕ್ಕೆ ಅದಕ್ಕಿಂತ ಸಡಿಲವಾದ ಮಾನದಂಡ ಬಂತು. ಅಷ್ಟರಲ್ಲಿ ಅಭ್ಯಾಸ ಬೇರೂರಿತ್ತು. ವಿ-ಮಾದರಿ ಇದೇ ಮೆಟ್ಟಿಲನ್ನು ಮಧ್ಯಕ್ಕೆ ಮಡಚಿ, ಪ್ರತಿ ಡಿಸೈನ್ ಹಂತದೆದುರು ಅದರದೇ ಪರೀಕ್ಷೆಯನ್ನು ನಿಲ್ಲಿಸಿತು. ಪ್ರತಿ ಬೇಡಿಕೆಗೂ ಪರೀಕ್ಷೆಯ ಪುರಾವೆ ತೋರಿಸಬೇಕಾದ ವೈದ್ಯಕೀಯ ಉಪಕರಣ, ರೈಲು ಸಿಗ್ನಲ್‌ನಂಥ ಕಡೆ ಅದಕ್ಕೆ ಇಂದಿಗೂ ಬೆಲೆಯಿದೆ.

ಪ್ರಶ್ನೆಯನ್ನೇ ತಿರುಗಿಸಿದವರು ಅಮೆರಿಕದ ಸಾಫ್ಟ್‌ವೇರ್ ತಜ್ಞ ಬ್ಯಾರಿ ಬೋಮ್. ಮುಂದಿನ ಹಂತ ಯಾವುದು ಎಂದು ಕೇಳುವ ಬದಲು, ಈಗ ನಮ್ಮನ್ನು ಮುಳುಗಿಸಬಹುದಾದ ದೊಡ್ಡ ಅಪಾಯ ಯಾವುದು ಎಂದು ಕೇಳಿ ಎಂದರು. 1988ರಲ್ಲಿ ಹೆಸರಾದ ಅವರ ಸ್ಪೈರಲ್ ಮಾದರಿಯಲ್ಲಿ ಪ್ರತಿ ಸುತ್ತಿನಲ್ಲೂ ಗುರಿ ನೋಡಿ, ಅಪಾಯ ತೂಗಿ, ಬೇಕಾದರೆ ಪ್ರೊಟೊಟೈಪ್ (ಪರೀಕ್ಷಿಸಿ ನೋಡುವ ನಮೂನೆ) ಕಟ್ಟಿ, ಆಮೇಲೆ ಮುಂದಿನ ಸುತ್ತಿನ ಯೋಜನೆ. ಬುದ್ಧಿಗೆ ಬಹಳ ಒಪ್ಪುವ ಮಾದರಿ. ಆದರೆ ಅಪಾಯವನ್ನು ಮೊದಲೇ ಮೂಸಿ ಹಿಡಿಯುವ ಅನುಭವಸ್ಥರು ತಂಡದಲ್ಲಿ ಇಲ್ಲದಿದ್ದರೆ ಸುತ್ತಿದ್ದೇ ಬಂತು.

ಸಣ್ಣ ಸುತ್ತುಗಳಲ್ಲಿ ಕಟ್ಟಿ, ತೋರಿಸಿ, ತಿದ್ದುತ್ತ ಹೋಗುವ ಅಜೈಲ್ ವಿಧಾನದ ಕಥೆ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವುದೇ. 1995ರಲ್ಲಿ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಈ ಬಗೆಯ ಒಂದು ಪದ್ಧತಿಯಾದ ಸ್ಕ್ರಮ್ ಅನ್ನು ಮಂಡಿಸಿದರು. ಕ್ರೈಸ್ಲರ್‌ನ ಸಂಬಳ-ಲೆಕ್ಕದ ಯೋಜನೆಯಲ್ಲಿ ಕೆಂಟ್ ಬೆಕ್ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಇನ್ನೊಂದನ್ನು ರೂಪಿಸಿದರು (ಆ ಯೋಜನೆಯನ್ನೇ 2000ದಲ್ಲಿ ನಿಲ್ಲಿಸಲಾಯಿತು ಎಂಬುದನ್ನು ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ). 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಆದರೆ ತುಂಡುತುಂಡಾಗಿ ಕಟ್ಟುವುದು ಅಂದು ಹುಟ್ಟಿದ್ದಲ್ಲ. ದಶಕಗಳ ಹಿಂದೆಯೇ ನಾಸಾದ ಮರ್ಕ್ಯುರಿ ಬಾಹ್ಯಾಕಾಶ ಯೋಜನೆಯ ತಂಡ ಅರ್ಧರ್ಧ ದಿನದ ಸುತ್ತುಗಳಲ್ಲಿ, ಕೋಡ್‌ಗೂ ಮೊದಲೇ ಟೆಸ್ಟ್ ಬರೆದುಕೊಂಡು ಕೆಲಸ ಮಾಡಿತ್ತು.

ಈ ಮಾದರಿಗಳನ್ನು ಪಕ್ಕಪಕ್ಕ ಇಟ್ಟಾಗ ನಾನು ನೋಡುವುದು ಒಂದನ್ನೇ: ಊಹೆ ತಪ್ಪಿದ್ದು ಯಾವಾಗ ಗೊತ್ತಾಗುತ್ತದೆ? ‘ಗ್ರಾಹಕ’ ಎಂದರೆ ಒಬ್ಬ ವ್ಯಕ್ತಿ ಎಂದು ತಿಳಿದು ಡೇಟಾಬೇಸ್ ಕಟ್ಟಿದ್ದೀರಿ. ಎದುರಿನವರ ಮನಸ್ಸಿನಲ್ಲಿ ಅದು ಐವರಿರುವ ಕುಟುಂಬ. ಎರಡು ವಾರದ ಸ್ಪ್ರಿಂಟ್ (ಅಜೈಲ್‌ನ ಒಂದು ಸುತ್ತು) ಮುಗಿದಾಗ ಇದು ಹೊರಬಿದ್ದರೆ ಒಂದು ಟೇಬಲ್ ಬದಲಾದರೆ ಸಾಕು. ಹತ್ತನೇ ತಿಂಗಳಲ್ಲಿ ಹೊರಬಿದ್ದರೆ ಪ್ರತಿ ಸ್ಕ್ರೀನ್, ಪ್ರತಿ ರಿಪೋರ್ಟ್ ತಿದ್ದಬೇಕು. ಅದೇ, ಪಾಲಿಸಬೇಕಾದ ಕಾನೂನು ಅಚ್ಚಾಗಿ ಮುಂದಿದ್ದು, ಬದಲಾಗುವ ಸಂಭವ ಕಡಿಮೆ ಇದ್ದರೆ ವಾಟರ್‌ಫಾಲ್ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರಿರುವುದು ವಾಟರ್‌ಫಾಲ್ ಮತ್ತು ಅಜೈಲ್‌ನ ಬೆರಕೆಯ ಬಗ್ಗೆ. ಬೆಳಿಗ್ಗೆ ಸ್ಟ್ಯಾಂಡ್‌ಅಪ್ (ನಿಂತೇ ಮುಗಿಸುವ ಪುಟ್ಟ ಸಭೆ) ಇದೆ, ಗೋಡೆ ತುಂಬ ಚೀಟಿಗಳಿವೆ, ಸ್ಪ್ರಿಂಟ್‌ಗೆ ಸಂಖ್ಯೆಯೂ ಇದೆ. ಆದರೆ ಒಪ್ಪಂದದಲ್ಲಿ ಒಂದೇ ಮೊತ್ತ, ಒಂದೇ ತಾರೀಕು, ಮೊದಲ ದಿನವೇ ಸಹಿಯಾದ ಪಟ್ಟಿ. ಎರಡು ವಾರಕ್ಕೊಮ್ಮೆ ಡೆಮೊ ನಡೆಯುತ್ತದೆ, ನೋಡಿ ಅದಲ್ಲ ಇದು ಎನ್ನಬೇಕಾದವರ ಕುರ್ಚಿ ಖಾಲಿ. ಅವರು ಬರುವುದು ಕೊನೆಯ ಹಸ್ತಾಂತರದ ದಿನ.