ಬಣ್ಣ ಕಲಿಯಲು ಬಂದವರಿಗೆ ಮಣ್ಣೇಕೆ? ಕಲಾ ಕಾಲೇಜಿನ ಫೌಂಡೇಶನ್ ವರ್ಷದ ಹಿನ್ನೆಲೆ

ಪೇಂಟಿಂಗ್ ಕಲಿಯಲೆಂದು ಬಿವಿಎ ಎಂಬ ದೃಶ್ಯಕಲಾ ಪದವಿಗೆ ಸೇರಿದವರೂ ಮೊದಲ ವರ್ಷ ಜೇಡಿಮಣ್ಣು ಕಲಸಬೇಕು, ಅಚ್ಚು ತೆಗೆಯಲು ಲಿನೋ ಹಾಳೆ ಕೆತ್ತಬೇಕು, ಅಕ್ಷರ ಬರೆಯಬೇಕು, ಪ್ಲಾಸ್ಟರ್ ಎರೆಯಬೇಕು. ಪದವಿ ಸಾಮಾನ್ಯವಾಗಿ 4 ವರ್ಷದ್ದು. ಮೊದಲ ವರ್ಷ ಫೌಂಡೇಶನ್. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್ (ಅಚ್ಚುಚಿತ್ರ ಕಲೆ), ಅಪ್ಲೈಡ್ ಆರ್ಟ್‌ ಹೀಗೆ ಯಾವುದಾದರೂ ಒಂದು ವಿಭಾಗ. ಚಿತ್ರ ಬರೆಯುವವರಿಗೆ ಇದೆಲ್ಲ ಏಕೆ ಎಂದು ವಿದ್ಯಾರ್ಥಿಗಳೂ ಕೇಳುತ್ತಾರೆ, ಶುಲ್ಕ ಕಟ್ಟುವ ತಂದೆ ತಾಯಿಯೂ ಕೇಳುತ್ತಾರೆ. ಫೌಂಡೇಶನ್ ವರ್ಷ ಬೇಕೇ ಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ತೊಡಕಿರುವುದು ಬೇರೆ ಕಡೆ. ಎಲ್ಲ ಮಾಧ್ಯಮಗಳನ್ನೂ ಪಠ್ಯಕ್ರಮಕ್ಕೆ ಸೇರಿಸಿದೆವು, ಅವು ಕೇಳುವ ಸಮಯವನ್ನು ಮಾತ್ರ ವೇಳಾಪಟ್ಟಿಯಲ್ಲಿ ಕೊಡಲಿಲ್ಲ. ಹೀಗೇಕಾಯಿತು ಎಂಬುದಕ್ಕೆ 170 ವರ್ಷಗಳ ಇತಿಹಾಸವಿದೆ.

ಕಲಾಶಾಲೆಗಳು ಬರುವ ಮುನ್ನ ನಮ್ಮಲ್ಲಿ ಚಿತ್ರಗಾರನೆಂದರೆ ಬರೀ ಬಣ್ಣ ಹಚ್ಚುವವನಾಗಿರಲಿಲ್ಲ. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು, ಹಲಗೆಗೆ ಕಾಗದ ಅಂಟಿಸಿ ನುಣುಪು ಮಾಡುತ್ತಿದ್ದರು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ಸಫೇದ ಎಂಬ ಬಿಳಿ ಪುಡಿ ಮತ್ತು ಮಕ್ಕಿ ಎಂಬ ಹಳದಿ ರಾಳವನ್ನು ಅಂಟಿನೊಡನೆ ಅರೆದು ಗೆಸ್ಸೋ ಎಂಬ ಲೇಪ ಹದ ಮಾಡಿ, ಒಡವೆ, ಕಿರೀಟಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುವುದೂ ಅದೇ ಕೈಯ ಕೆಲಸ. ಸಾಮಗ್ರಿಯ ಅರಿವು ಚಿತ್ರದಿಂದ ಬೇರೆ ವಿಷಯವಾಗಿರಲಿಲ್ಲ.

ಅದನ್ನು ಬೇರೆ ಮಾಡಿದ್ದು ಬ್ರಿಟಿಷರ ಕಾಲದ ಶಾಲೆಗಳು. ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಕಲಾಶಾಲೆ ತೆರೆದರು. 1854ರಲ್ಲಿ ಕಲ್ಕತ್ತಾದಲ್ಲಿ, 1857ರಲ್ಲಿ ಜಮ್‌ಶೆಟ್‌ಜಿ ಜೀಜೀಭಾಯ್ ಅವರ ದೇಣಿಗೆಯಿಂದ ಮುಂಬೈಯಲ್ಲಿ ಶಾಲೆಗಳು ಬಂದವು. ಇವಕ್ಕೆಲ್ಲ ಮಾದರಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿ. ಅಲ್ಲಿ ರಿಚರ್ಡ್ ರೆಡ್‌ಗ್ರೇವ್ ರೂಪಿಸಿದ್ದ ಪಠ್ಯದಲ್ಲಿ 23 ಹಂತಗಳಿದ್ದವು. ಮೊದಲು ರೇಖೆ, ಜ್ಯಾಮಿತಿ ಮತ್ತು ಮುದ್ರಿತ ಚಿತ್ರದ ನಕಲು. ಆಮೇಲೆ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ನೆರಳು ಬೆಳಕು. ಬಣ್ಣ, ಮಣ್ಣು, ವಿನ್ಯಾಸಗಳ ಸರದಿ ಇವೆಲ್ಲ ದಾಟಿದ ಮೇಲೆ. ಕೈಯನ್ನು ಪಳಗಿಸಲು ಇದು ಒಳ್ಳೆಯ ದಾರಿಯೇ. ಆದರೆ ಒಂದು ಹಂತ ಮುಗಿಯದೆ ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ನಮ್ಮ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು ವಿಷಯವನ್ನು ಬಿಡಿಬಿಡಿ ಪತ್ರಿಕೆಗಳಾಗಿ ಹಂಚುವುದರಲ್ಲಿ ಆ ಪದ್ಧತಿಯ ಗುರುತು ಇಂದಿಗೂ ಇದೆ.

ಮೈಸೂರು ಸಂಸ್ಥಾನದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು. ಗಂಧದ ಕೆತ್ತನೆ, ಬೀಟೆ ಮರದ ಇನ್ಲೇ, ಚಿತ್ರಕಲೆ ಮೂರೂ ಅಲ್ಲಿದ್ದವು, ಆದರೆ ವಿಭಾಗಗಳು ಬೇರೆ ಬೇರೆ.

ಇದಕ್ಕೆ ಪ್ರತಿಯಾದ ದಾರಿ ಬಂಗಾಳದಲ್ಲಿ ಮೂಡಿತು. 1896ರಲ್ಲಿ ಕಲ್ಕತ್ತಾ ಶಾಲೆಗೆ ಪ್ರಾಂಶುಪಾಲರಾಗಿ ಬಂದ ಇ.ಬಿ. ಹ್ಯಾವೆಲ್ ಯುರೋಪಿನ ಅಚ್ಚುಗಳ ನಕಲನ್ನು ಬದಿಗಿಟ್ಟು ಭಾರತೀಯ ಮಾದರಿಗಳನ್ನು ಮುಂದೆ ತಂದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರಲ್ಲಿ ನಮ್ಮ ಕೆ. ವೆಂಕಟಪ್ಪನವರೂ ಒಬ್ಬರು. ಜಲವರ್ಣದ ಜತೆಗೆ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು, ವೀಣೆಯನ್ನೂ ಸಾಧಿಸಿದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿರುವ ಆ ಉಬ್ಬುಶಿಲ್ಪಗಳನ್ನು ಅವರ ಜಲವರ್ಣಗಳ ಜತೆಗಿಟ್ಟು ನೋಡಿದರೆ, ಒಂದು ಮಾಧ್ಯಮದಲ್ಲಿ ಕಂಡುಕೊಂಡದ್ದು ಇನ್ನೊಂದಕ್ಕೆ ಹೇಗೆ ಒದಗುತ್ತದೆ ಎಂಬುದು ತಿಳಿಯುತ್ತದೆ.

1919ರಲ್ಲಿ ಶಾಂತಿನಿಕೇತನದ ಕಲಾಭವನ ಶುರುವಾಯಿತು. ನಂದಲಾಲ್ ಬೋಸ್ ಅದರ ಹೊಣೆ ಹೊತ್ತ ಮೇಲೆ ವಿಭಾಗಗಳ ನಡುವಿನ ಗೋಡೆಗಳು ತೆಳುವಾದವು. ಚಿತ್ರ ಬರೆಯುವವರು ಭಿತ್ತಿಚಿತ್ರಕ್ಕೆ ಗಾರೆ ಹದ ಮಾಡಿದರು, ಮರದಚ್ಚು ಕೆತ್ತಿದರು, ಬಟ್ಟೆಗೆ ಬಾಟಿಕ್ ಹಾಕಿದರು. ರಾಮ್‌ಕಿಂಕರ್ ಬೈಜ್ ಬಣ್ಣದಲ್ಲೂ ಸಿಮೆಂಟಿನಲ್ಲೂ ಸಮಾನವಾಗಿ ದುಡಿದವರು. 1938ರ ಅವರ ಸಂತಾಲ ಕುಟುಂಬದ ಶಿಲ್ಪ ಸಿಮೆಂಟ್ ಮತ್ತು ಜಂಬಿಟ್ಟಿಗೆ ಹರಳುಗಳ ಮಿಶ್ರಣದ್ದು. ಅಲ್ಲಿನ ಮಣ್ಣಿನಲ್ಲಿ ಸಿಗುವ ಹರಳೇ ಅದರ ಮೈಯ ಒರಟುತನಕ್ಕೆ ಕಾರಣ.

ಅದೇ 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಶಾಲೆ ಹುಟ್ಟಿತು. ಅಲ್ಲಿ ಯೋಹಾನೆಸ್ ಇಟೆನ್ ರೂಪಿಸಿದ 6 ತಿಂಗಳ ಪ್ರಾಥಮಿಕ ಕೋರ್ಸಿನಲ್ಲಿ ಎಲ್ಲರೂ ಬಣ್ಣ, ಮೈವಳಿಕೆ, ಮರ, ಲೋಹಗಳನ್ನು ಕೈಯಾರೆ ಮುಟ್ಟಿ ನೋಡಿದ ಮೇಲೆಯೇ ಕಾರ್ಯಾಗಾರ ಆರಿಸಿಕೊಳ್ಳಬೇಕಿತ್ತು. ಬೌಹೌಸ್ ಕಲಾವಿದರ ಕೃತಿಗಳು 1922ರಲ್ಲೇ ಕಲ್ಕತ್ತಾದಲ್ಲಿ ಪ್ರದರ್ಶನಗೊಂಡಿದ್ದವು. ಬ್ರಿಟನ್ನಿನಲ್ಲಿ 1960ರ ಕೋಲ್ಡ್‌ಸ್ಟ್ರೀಮ್ ವರದಿಯ ನಂತರ ಡಿಪ್ಲೊಮಾಕ್ಕೆ ಮುನ್ನ ಒಂದು ವರ್ಷದ ಪೂರ್ವಸಿದ್ಧತೆ ನೆಲೆಗೊಂಡಿತು. ಇಂದು ನಾವು ಫೌಂಡೇಶನ್ ಎನ್ನುವುದರಲ್ಲಿ ಶಾಂತಿನಿಕೇತನ, ಯುರೋಪು ಎರಡೂ ನೆಲದ ವಿಚಾರಗಳು ಕೂಡಿವೆ.

ಭಾರತದಲ್ಲಿ ಇದು ವಿಶ್ವವಿದ್ಯಾಲಯದ ಪದವಿಯ ರೂಪ ಪಡೆದದ್ದು ಬರೋಡಾದಲ್ಲಿ. 1950ರಲ್ಲಿ ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ನಿಕಾಯ ಶುರುವಾಯಿತು. ಪೇಂಟಿಂಗ್‌ಗೆ ಎನ್.ಎಸ್. ಬೇಂದ್ರೆ, ಶಿಲ್ಪಕ್ಕೆ ಶಂಖೋ ಚೌಧುರಿ. ಮುಂದೆ ಶಾಂತಿನಿಕೇತನದಲ್ಲಿ ಕಲಿತ ಕೆ.ಜಿ. ಸುಬ್ರಮಣ್ಯನ್ ಸೇರಿಕೊಂಡರು. ಟೆರಾಕೋಟಾ (ಸುಟ್ಟ ಮಣ್ಣಿನ ಕೃತಿ), ಭಿತ್ತಿಚಿತ್ರ, ಆಟಿಕೆ, ಬಟ್ಟೆ ಯಾವುದನ್ನೂ ಕೀಳೆಂದು ಬಿಡದ ಅವರ ಪಾಠದ ಪ್ರಭಾವ ದೇಶದ ಅನೇಕ ಕಾಲೇಜುಗಳಿಗೆ ಹಬ್ಬಿತು. ಪದವಿಯಿಂದ ಕಲಾವಿದರಿಗೆ ಗೌರವವೂ ಉದ್ಯೋಗದ ದಾರಿಯೂ ಸಿಕ್ಕಿತು. ಜತೆಗೆ ವಿಶ್ವವಿದ್ಯಾಲಯದ ಗಂಟೆ ಲೆಕ್ಕವೂ ಬಂತು.

ಕರ್ನಾಟಕದಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರ, ಆರ್.ಎಂ. ಹಡಪದರ ಕೆನ್ ಕಲಾಶಾಲೆಗಳು ಖಾಸಗಿ ಶ್ರಮದಿಂದ ಬೆಳೆದವು. 1960ರಲ್ಲಿ ಚಿತ್ರಕಲಾ ಪರಿಷತ್ತು ಸ್ಥಾಪನೆಯಾಗಿ ಅದರಡಿ ಕಾಲೇಜು ಬಂತು, 1964ರಲ್ಲಿ ದಾವಣಗೆರೆಯಲ್ಲಿ ಕಲಾಶಾಲೆ ತೆರೆಯಿತು. ಮೈಸೂರಿನ ಹಳೆಯ ತಾಂತ್ರಿಕ ಸಂಸ್ಥೆಯ ಪರಂಪರೆ 1980ರ ದಶಕದಲ್ಲಿ ‘ಕಾವಾ’ ಎಂದು ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಿ ಹೊಸ ರೂಪ ಪಡೆಯಿತು.

ಈಗ ಗಂಟೆ ಲೆಕ್ಕಕ್ಕೆ ಬರೋಣ. ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ 1 ಗಂಟೆ ಪಾಠ ಇಲ್ಲವೇ 2 ಗಂಟೆ ಪ್ರಾಯೋಗಿಕ. 4 ಕ್ರೆಡಿಟ್‌ನ ಸ್ಟುಡಿಯೋ ವಿಷಯಕ್ಕೆ ವಾರಕ್ಕೆ 8 ಗಂಟೆ, 15 ವಾರಕ್ಕೆ 120 ಗಂಟೆ. ಕೇಳಲು ಧಾರಾಳವಾಗಿದೆ. ಆದರೆ ಪ್ರತಿ ಸಲ ಸಾಮಾನು ಹೊರತೆಗೆಯಲು 20 ನಿಮಿಷ, ತೊಳೆದಿಡಲು 20 ನಿಮಿಷ ಹೋಗುತ್ತದೆ. ಆ 120 ಗಂಟೆಯನ್ನು 2 ಗಂಟೆಯ ತುಂಡುಗಳಾಗಿ ಹಂಚಿದರೆ ಕೈಗೆ ಸಿಗುವುದು 80 ಗಂಟೆ. 4 ಗಂಟೆಯ ತುಂಡುಗಳಾದರೆ 100. ಇದು ಕೈಕೆಲಸದ ಲೆಕ್ಕ ಮಾತ್ರ. ಮಣ್ಣು, ಆ್ಯಸಿಡ್, ಎಣ್ಣೆಗಳಿಗೆ ಅವುಗಳದೇ ಗಡಿಯಾರವಿದೆ.

ಮಣ್ಣಿನಲ್ಲಿ ಮನುಷ್ಯನ ತಲೆಯಷ್ಟೇ ಗಾತ್ರದ ಒಂದು ತಲೆ ಮಾಡುವುದನ್ನೇ ನೋಡಿ. ಒಂದೂವರೆ ಅಡಿ ಚೌಕದ ಹಲಗೆಗೆ ಗಟ್ಟಿಯಾದ ಮರದ ಕಂಬ ಅಥವಾ ಪೈಪ್ ನಿಲ್ಲಿಸಿ, ತಲೆಯ ಭಾಗಕ್ಕೆ ಅಲ್ಯೂಮಿನಿಯಂ ತಂತಿಯ ಬಳೆಗಳನ್ನು ಕಟ್ಟುವುದು ಆರ್ಮೇಚರ್. ತಂತಿಗೆ ಅಡ್ಡಕಟ್ಟಿದ ಪುಟ್ಟ ಮರದ ತುಂಡುಗಳನ್ನು ತೂಗುಬಿಡಬೇಕು. ಇಲ್ಲದಿದ್ದರೆ 15–20 ಕಿಲೋ ಹಸಿಮಣ್ಣು ಎರಡನೇ ದಿನವೇ ಕತ್ತಿನ ಕಡೆಗೆ ಜಾರುತ್ತದೆ. ಕೆಲಸ ನಿಲ್ಲಿಸಿದಾಗಲೆಲ್ಲ ಒದ್ದೆ ಹತ್ತಿಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಸೋಮವಾರ ಮುಟ್ಟಿ ಗುರುವಾರ ಮತ್ತೆ ಮುಟ್ಟಿದರೆ ಕಿವಿ, ಮೂಗಿನಂಥ ತೆಳು ಭಾಗ ಮೊದಲು ಒಣಗಿ ಬಿರುಕು ಬಿಟ್ಟಿರುತ್ತದೆ. ಒಣಗಿದ್ದಕ್ಕೆ ಹಸಿಮಣ್ಣು ಮೆತ್ತಿದರೆ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಭಾನುವಾರವೂ ಯಾರಾದರೂ ಬಂದು ನೀರು ಚಿಮುಕಿಸಬೇಕು.

ತಲೆ ಮುಗಿದ ಮೇಲೆ ವೇಸ್ಟ್ ಮೋಲ್ಡ್, ಅಂದರೆ ಒಂದೇ ಸಲ ಬಳಸಿ ಒಡೆಯುವ ಅಚ್ಚು. ತೆಳು ತಗಡಿನ ತುಂಡುಗಳನ್ನು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಸಾಲಾಗಿ ಚುಚ್ಚಿ ಮುಂಭಾಗ, ಹಿಂಭಾಗ ಬೇರ್ಪಡಿಸುತ್ತಾರೆ. ಪ್ಲಾಸ್ಟರ್ ಕಲಸುವಾಗ ಯಾವಾಗಲೂ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹಾಕಬಾರದು. ಸುಮಾರು 7 ಪಾಲು ನೀರಿಗೆ 10 ಪಾಲು ಪುಡಿ, ತೂಕದ ಲೆಕ್ಕದಲ್ಲಿ. ಪುಡಿ ನೀರಿನ ಮೇಲೆ ದಿಬ್ಬದಂತೆ ಕಾಣಿಸಿಕೊಂಡ ಮೇಲೆ ಒಂದೆರಡು ನಿಮಿಷ ನೆನೆಯಲು ಬಿಟ್ಟು, ಗಾಳಿ ಸೇರದಂತೆ ಕೈಯನ್ನು ತಳದಲ್ಲೇ ಆಡಿಸಿ ಕಲಸಬೇಕು. ಮೊದಲ ಪದರ ತೆಳು, ಅರ್ಧ ಸೆಂಟಿಮೀಟರಿನಷ್ಟು. ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತಾರೆ. ಮೇಲಿನ ಬಿಳಿ ಪದರ 2–3 ಸೆಂ.ಮೀ. ದಪ್ಪ, ನಡುವೆ ಸೆಣಬಿನ ನಾರು. ಅಚ್ಚು ಬಿಚ್ಚಿ, ಮಣ್ಣು ತೆಗೆದು, ಒಳಮೈಗೆ ಸಾಬೂನಿನ ನೀರು ಹಚ್ಚಿ ಪ್ಲಾಸ್ಟರ್ ತುಂಬಿದ ಮೇಲೆ ಉಳಿಯಿಂದ ಅಚ್ಚನ್ನು ಒಡೆಯುವಾಗ ಆ ನೀಲಿ ಕಂಡರೆ ಮುಖ ಹತ್ತಿರ ಬಂತೆಂದು ಅರ್ಥ. ಅಲ್ಲಿಂದ ಮುಂದೆ ಸಣ್ಣ ಪೆಟ್ಟು ಮಾತ್ರ. ಗಂಟೆ ಬಾರಿಸಿತೆಂದು ಅವಸರದಲ್ಲಿ ಗಟ್ಟಿಯಾಗುತ್ತಿರುವ ಪ್ಲಾಸ್ಟರಿಗೆ ಮತ್ತೆ ನೀರು ಬೆರೆಸಿದರೆ ಅದು ಗಟ್ಟಿತನ ಕಳೆದುಕೊಂಡು ಪುಡಿಯಾಗುತ್ತದೆ. ಸಾಬೂನು ಸರಿಯಾಗಿ ಹಚ್ಚದಿದ್ದರೆ ಅಚ್ಚೂ ತಲೆಯೂ ಒಂದೇ ಕಲ್ಲಾಗಿ, ತಿಂಗಳ ಕೆಲಸ ಹಾಳು.

ಟೆರಾಕೋಟಾ ಮಾಡುವವರಿಗೆ ಆರ್ಮೇಚರ್ ಕೂಡದು. ಒಳಗೆ ಟೊಳ್ಳಿರಬೇಕು, ಗೋಡೆ ಎಲ್ಲ ಕಡೆ ಸುಮಾರು 2 ಸೆಂ.ಮೀ. ಇರಬೇಕು, ನೆರಳಿನಲ್ಲಿ ಒಂದೆರಡು ವಾರ ಒಣಗಬೇಕು. ತೇವ ಉಳಿದ ಮಣ್ಣು ಗೂಡಿನಲ್ಲಿ 100 ಡಿಗ್ರಿ ದಾಟಿದೊಡನೆ ಆವಿಯ ಒತ್ತಡಕ್ಕೆ ಸಿಡಿಯುತ್ತದೆ, ಪಕ್ಕದವರ ಕೆಲಸವನ್ನೂ ಒಡೆಯುತ್ತದೆ. ಸೆಮಿಸ್ಟರ್ ಕೊನೆಯ ವಾರದ ಸಬ್ಮಿಶನ್ ಅವಸರದಲ್ಲಿ ಹೀಗೆ ಒಡೆಯುವ ಕೃತಿಗಳೇ ಹೆಚ್ಚು.

ಎಚಿಂಗ್‌ನದು ಬೇರೆ ಬಗೆಯ ಸಮಯ. ಲೋಹದ ತಗಡಿನಲ್ಲಿ ಆ್ಯಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚು ತೆಗೆಯುವ ವಿಧಾನ ಅದು. ಸತುವಿನ ತಗಡಿನ ಅಂಚನ್ನು ಅರದಿಂದ ಓರೆಯಾಗಿ ಉಜ್ಜದಿದ್ದರೆ ಪ್ರೆಸ್‌ನಲ್ಲಿ ಅದು ಕಾಗದವನ್ನೂ ಉಣ್ಣೆಯ ಹಾಸನ್ನೂ ಕತ್ತರಿಸುತ್ತದೆ. ಸೀಮೆಸುಣ್ಣದ ಪುಡಿಯಿಂದ ಜಿಡ್ಡು ತೆಗೆದು, ಆ್ಯಸಿಡ್ ತಡೆಯುವ ಗ್ರೌಂಡ್ ಎಂಬ ಲೇಪ ಹಚ್ಚಿ, ಸೂಜಿಯಿಂದ ಗೀರಿ, ನೈಟ್ರಿಕ್ ಆ್ಯಸಿಡ್‌ನಲ್ಲಿ ಇಳಿಬಿಡಬೇಕು. ಒಂದು ಪಾಲು ಆ್ಯಸಿಡ್‌ಗೆ 8ರಿಂದ 10 ಪಾಲು ನೀರು. ನೀರಿಗೆ ಆ್ಯಸಿಡ್ ಸುರಿಯಬೇಕೇ ಹೊರತು ಆ್ಯಸಿಡ್‌ಗೆ ನೀರನ್ನಲ್ಲ. ಗೆರೆಯ ಮೇಲೆ ಏಳುವ ಗುಳ್ಳೆಗಳನ್ನು ಗರಿಯಿಂದ ಸರಿಸುತ್ತಿರಬೇಕು, ಇಲ್ಲವಾದರೆ ಗೆರೆ ತುಂಡುತುಂಡಾಗುತ್ತದೆ. ತಿಳಿಗೆರೆಗೆ ಕೆಲವೇ ನಿಮಿಷ. ಅದನ್ನು ವಾರ್ನಿಷ್‌ನಿಂದ ಮುಚ್ಚಿ ಉಳಿದದ್ದನ್ನು ಮತ್ತೆ ಇಳಿಬಿಟ್ಟರೆ ಗಾಢ ಗೆರೆ. ಏಪ್ರಿಲ್ ಬಿಸಿಲಿಗೆ ಆ್ಯಸಿಡ್ ಚುರುಕಾಗಿ ಕಚ್ಚುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಬರೆದಿಟ್ಟ ನಿಮಿಷಗಳು ಆಗ ನಡೆಯುವುದಿಲ್ಲ. ಹೊಗೆ ಹೊರಹೋಗಲು ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಮಾಡಿಸಲೇಬಾರದು. ಸತುವಿಗೆ ಮೈಲುತುತ್ತ ಮತ್ತು ಅಡುಗೆ ಉಪ್ಪಿನ ದ್ರಾವಣ ಬಳಸಿದರೆ ನೈಟ್ರಿಕ್‌ನ ವಿಷಹೊಗೆಯ ಕಾಟವಿಲ್ಲ; ಎಲ್ಲ ಕಾಲೇಜುಗಳೂ ಇದಕ್ಕೆ ಬದಲಾಗಬೇಕು ಎಂದು ಗಟ್ಟಿಯಾಗಿ ಹೇಳುತ್ತೇವೆ.

ಮಣ್ಣಿನಲ್ಲಿ ಕೆನ್ನೆಯ ಮೂಳೆ ಎಲ್ಲಿ ತಿರುಗುತ್ತದೆಂದು ಬೆರಳಿಂದ ತಿಳಿದವರು ಕ್ಯಾನ್ವಾಸಿನಲ್ಲಿ ನೆರಳನ್ನು ಊಹಿಸಿ ಹಚ್ಚುವುದಿಲ್ಲ. ತಗಡು ಉಲ್ಟಾ ಅಚ್ಚಾಗುವುದನ್ನು ಕಂಡವರು ಸಂಯೋಜನೆಯ ಎಡ ಬಲಗಳ ತೂಕವನ್ನು ಹೊಸದಾಗಿ ನೋಡುತ್ತಾರೆ. ಇದಕ್ಕಾಗಿಯೇ ಫೌಂಡೇಶನ್ ಬೇಕು. ಡಿಜಿಟಲ್ ಕೆಲಸ ಒಣಗಲು, ಸುಡಲು ಕಾಯಿಸುವುದಿಲ್ಲ, 2 ಗಂಟೆಯ ತರಗತಿಗೆ ಸಲೀಸಾಗಿ ಹೊಂದುತ್ತದೆ. ಅದಕ್ಕೆ ಪಾಲು ಸಿಗಲೇಬೇಕು, ಆದರೆ ಮಣ್ಣಿನ ಪಾಲನ್ನು ಕಿತ್ತು ಕೊಡಬಾರದು.

ಪರಿಹಾರಕ್ಕೆ ಹೆಚ್ಚು ಹಣವೇನೂ ಬೇಕಿಲ್ಲ. ಶಿಲ್ಪ ಮತ್ತು ಗ್ರಾಫಿಕ್ಸ್‌ಗಳನ್ನು ವಾರವಾರ ಹಂಚುವ ಬದಲು ತಲಾ ಮೂರು ನಾಲ್ಕು ವಾರದ ಇಡೀ ದಿನದ ಅವಧಿಗಳಾಗಿ ಕೊಡಬಹುದು. ಕ್ರೆಡಿಟ್ ಗಂಟೆಗಳು ಅಷ್ಟೇ ಇರುತ್ತವೆ. ಎಣ್ಣೆವರ್ಣಕ್ಕೆ ಈ ಏರ್ಪಾಡು ಒಗ್ಗದು. ಅಲ್ಲಿ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ನಡುವೆ ಹಲವು ದಿನ ಒಣಗಬೇಕು. ಅದಕ್ಕೆ ವಾರಕ್ಕೊಂದು ಉದ್ದನೆಯ ಅವಧಿಯೇ ಸರಿ. ಡ್ರಾಯಿಂಗ್‌ಗೆ ಮಾತ್ರ ದಿನಾ ಬೆಳಿಗ್ಗೆ ಒಂದು ಗಂಟೆ, ವರ್ಷಪೂರ್ತಿ. ಸೇರುವ ಮುನ್ನ ಕಾಲೇಜು ನೋಡಲು ಹೋದವರು ಗೋಡೆಯ ಚಿತ್ರಗಳ ಜತೆಗೆ ಇವನ್ನೂ ವಿಚಾರಿಸಲಿ: ಗೂಡು ಸೆಮಿಸ್ಟರಿಗೆ ಎಷ್ಟು ಸಲ ಉರಿಯುತ್ತದೆ, ಆ್ಯಸಿಡ್ ಕೋಣೆಯ ಎಕ್ಸಾಸ್ಟ್ ತಿರುಗುತ್ತದೆಯೇ, ಸಂಜೆ 5ರ ನಂತರ ಮತ್ತು ಭಾನುವಾರ ಶಿಲ್ಪ ವಿಭಾಗದ ಬೀಗದ ಕೈ ಯಾರ ಬಳಿ ಇರುತ್ತದೆ.