ಪ್ರಾಜೆಕ್ಟ್ ಕಾರು: ಕೊಳ್ಳಬೇಕೋ, ಕೈಮುಗಿದು ಬರಬೇಕೋ?

ಹಳೆ ಕಾರು ಕೊಳ್ಳುವವರ, ಮಾರುವವರ ಬಾಯಲ್ಲಿ ‘ಪ್ರಾಜೆಕ್ಟ್ ಕಾರು’ ಎಂದರೆ ಈಗ ರಸ್ತೆಗಿಳಿಯುವ ಸ್ಥಿತಿಯಲ್ಲಿಲ್ಲದ, ಆದರೆ ಕೆಲಸ ಮಾಡಿಸಿದರೆ ಮತ್ತೆ ಇಳಿಯಬಹುದಾದ ಗಾಡಿ. ಹತ್ತಿ ಕೂತು ಮನೆಗೆ ಓಡಿಸಿಕೊಂಡು ಬರಬಹುದಾದದ್ದು ‘ರನ್ನಿಂಗ್ ಕಂಡೀಷನ್’. ಪೂರ್ತಿ ಬಿಚ್ಚಿ, ತುಕ್ಕು ಕತ್ತರಿಸಿ, ತಗಡು ಬೆಸೆದು, ಬಣ್ಣ ಹೊಡೆದು ಕಂಪನಿಯಿಂದ ಬಂದ ದಿನದ ರೂಪಕ್ಕೆ ತಂದದ್ದು ‘ರೆಸ್ಟೋರ್’ ಆದ ಕಾರು. ಪ್ರಾಜೆಕ್ಟ್ ಕಾರಿನ ಕೆಳಗಿನ ಮೆಟ್ಟಿಲೇ ಗುಜರಿ. ಮಾರುವವರು ಆ ಕೊನೆಯ ಮೆಟ್ಟಿಲಿನ ಗಾಡಿಗೂ ಪ್ರಾಜೆಕ್ಟ್ ಎಂದೇ ಹೆಸರಿಡುವುದರಿಂದ, ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಗುರುತಿಸುವ ಕೆಲಸ ಕೊಳ್ಳುವವರ ತಲೆಗೇ ಬೀಳುತ್ತದೆ.

ಎಷ್ಟು ಹಳೆಯದಾದರೆ ‘ಕ್ಲಾಸಿಕ್’? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ದಾಟಿದ್ದನ್ನು ಐತಿಹಾಸಿಕ ವಾಹನ ಎನ್ನುತ್ತದೆ. ಭಾರತದಲ್ಲಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ‘ವಿಂಟೇಜ್’ ಎಂದು ನೋಂದಾಯಿಸಲು 50 ವರ್ಷ ಮೀರಿರಬೇಕು, ಮೂಲರೂಪ ಉಳಿದಿರಬೇಕು. ಈ ‘ಮೂಲರೂಪ’ದ ಷರತ್ತು ನಮ್ಮ ಕಡೆಯ ಎಷ್ಟೋ ಗಾಡಿಗಳ ಕಾಲಿಗೆ ತೊಡಕಾಗುತ್ತದೆ. ಅದನ್ನು ಮುಂದೆ ನೋಡೋಣ.

ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಹುಡುಕಿದರೆ ಹಳೆ ಗಾಡಿಗಳಿಗೆ ಬರವಿಲ್ಲ. ಗೊಬ್ಬರದ ಶೆಡ್ಡಿನಲ್ಲಿ ಅಂಬಾಸಿಡರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ಹಿಂದೆ ವಿಲ್ಲೀಸ್ ಜೀಪು, ಅಪರೂಪಕ್ಕೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ತೋರಿಸುವವರ ಮಾತು ಎಲ್ಲ ಕಡೆ ಒಂದೇ: “ಇಂಜಿನ್ ಚೆನ್ನಾಗಿದೆ ಸಾರ್, ಬ್ಯಾಟ್ರಿ ಇಟ್ರೆ ಸ್ಟಾರ್ಟ್ ಆಗುತ್ತೆ.” ನೋಡಲು ಹೋದವರೂ ಮೊದಲು ಬಾನೆಟ್ಟನ್ನೇ ಎತ್ತುತ್ತಾರೆ. ನನ್ನ ಪ್ರಕಾರ ಇಂಜಿನ್ ಕಟ್ಟಕಡೆಗೆ ನೋಡಬೇಕಾದ ಭಾಗ. ಅಂಬಾಸಿಡರಿನ 1,489 ಸಿಸಿ ಪೆಟ್ರೋಲ್ ಇಂಜಿನ್ನಾಗಲಿ, ಜನ ಫಿಯೆಟ್ ಎಂದೇ ಕರೆಯುವ ಪದ್ಮಿನಿಯ 1,089 ಸಿಸಿಯದ್ದಾಗಲಿ ಒಗಟೇನಲ್ಲ. ಜಾಮ್ ಆಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಿಂದ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಟ್ಟರೆ ಹಲವು ಸಲ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳದಿದ್ದರೂ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕುವ ಮೇಸ್ತ್ರಿಗಳು ಸಿಗುತ್ತಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರಾಯಿತು. ಇಂಜಿನ್ನಿಗೆ ಎಷ್ಟು ಖರ್ಚಾಗುತ್ತದೆಂದು ಮೊದಲೇ ಒಂದು ಅಂದಾಜು ಸಿಗುತ್ತದೆ. ತಗಡಿನ ಖರ್ಚು ಹಾಗಲ್ಲ, ಕತ್ತರಿಸುತ್ತ ಹೋದಂತೆ ಬೆಳೆಯುತ್ತದೆ.

ಆದ್ದರಿಂದ ಮೊದಲು ನೆಲಕ್ಕೆ ಮಂಡಿಯೂರಿ ಕಾರಿನ ಅಡಿಗೆ ಬಗ್ಗಿ ನೋಡಿ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇದ್ದರೆ ಸಾಕು. ಅಯಸ್ಕಾಂತ ಬಾಡಿಗೆ ಅಂಟದ ಜಾಗದಲ್ಲಿ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಜಾಕ್ ಕೊಡುವ ಜಾಗ, ಕಾಲಿಡುವ ನೆಲ, ಡಿಕ್ಕಿಯ ತಳ, ಸ್ಪ್ರಿಂಗ್ ಬಂದು ಕೂರುವ ಮೂಲೆ ಇವನ್ನೆಲ್ಲ ಮಾಲೀಕರನ್ನು ಕೇಳಿಕೊಂಡು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಹಪ್ಪಳದ ಹಾಗೆ ಪುಡಿಯಾದರೆ ಬೇರೆ ಪರೀಕ್ಷೆ ಬೇಕಿಲ್ಲ. ಗಾಜಿನ ಕೆಳಗಿನ ಸಂದಿಯಲ್ಲಿ ಸಿಲ್ವರ್ ಓಕಿನ ಎಲೆ ಕೊಳೆತು ಕೂತಿದೆಯೇ ಎಂದೂ ನೋಡಿ. ನೀರು ಹರಿದುಹೋಗುವ ದಾರಿ ಅಲ್ಲಿ ಕಟ್ಟಿಕೊಂಡರೆ ಕಾರಿನ ಒಳನೆಲವೇ ಹೊಂಡವಾಗುತ್ತದೆ. ಟಾರ್ಪಾಲು ಹೊದಿಸಿ ಜೋಪಾನವಾಗಿ ಇಟ್ಟಿದ್ದೇವೆ ಎಂದರೆ ಸಮಾಧಾನಪಡಬೇಡಿ. ಮಣ್ಣಿನ ನೆಲದಿಂದ ಏಳುವ ತೇವ ಟಾರ್ಪಾಲಿನೊಳಗೇ ಸಿಕ್ಕಿಕೊಂಡು, ಬಯಲಲ್ಲಿ ನಿಂತ ಗಾಡಿಗಿಂತ ಬೇಗ ತಿನ್ನುತ್ತದೆ.

ತುಕ್ಕು ಎಲ್ಲ ಕಾರಿಗೂ ಒಂದೇ ಬೆಲೆಯಲ್ಲ. ಜೀಪಿಗೂ ಹೆರಾಲ್ಡಿಗೂ ಬೇರೆಯದೇ ಚಾಸಿ, ಅಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು, ಉಂಟು, ಬಾಡಿ ಅದರ ಮೇಲೆ ಬೋಲ್ಟಿನಲ್ಲಿ ಕೂತಿರುತ್ತದೆ. ಚಾಸಿ ಗಟ್ಟಿಯಿದ್ದರೆ ಬಾಡಿ ಎಷ್ಟು ಹಾಳಾಗಿದ್ದರೂ ತುಂಡು ತುಂಡಾಗಿ ರಿಪೇರಿ ಮಾಡಬಹುದು. ಅಂಬಾಸಿಡರ್ ಮತ್ತು ಫಿಯೆಟ್ ಹಾಗಲ್ಲ. ಅವು ಮಾನೊಕಾಕ್, ಅಂದರೆ ತಗಡಿನ ಡಬ್ಬಿಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಬಾಗಿಲ ಕೆಳಗಿನ ಪಟ್ಟಿ ಹೋಯಿತೆಂದರೆ ಬೆನ್ನುಮೂಳೆಯೇ ಹೋದಂತೆ. ಒಳಗೆ ಆಧಾರ ಕೊಡದೆ ಕತ್ತರಿಸಿದರೆ ಇಡೀ ಗಾಡಿ ಓರೆಯಾಗಿ, ಆಮೇಲೆ ಬಾಗಿಲು ಜಪ್ಪಯ್ಯ ಅಂದರೂ ಹೊಂದುವುದಿಲ್ಲ. ಬಾಗಿಲ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆ ಇರುವ ಅಂಬಾಸಿಡರ್ ಕಂಡರೆ ಯಾರೋ ಆಗಲೇ ಈ ಕೆಲಸ ಕೆಡಿಸಿದ್ದಾರೆ ಎಂದು ತಿಳಿಯಬಹುದು.

ಇಲ್ಲಿ ನಮ್ಮ ಎರಡೂ ಜಿಲ್ಲೆಗಳಿಗೊಂದು ಅನುಕೂಲವಿದೆ. ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ನಿಂತ ಗಾಡಿಗೂ ಕಡೂರು, ಅರಸೀಕೆರೆಯ ಬಯಲುಸೀಮೆಯಲ್ಲಿ ನಿಂತ ಗಾಡಿಗೂ ಅಜಗಜಾಂತರ. ಅರಸೀಕೆರೆಯ ಕಾರಿನ ಸೀಟು ಸೀಳಿರುತ್ತದೆ, ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ಬಣ್ಣ ಸುಟ್ಟಿರುತ್ತದೆ. ನೋಡಲು ದರಿದ್ರ, ಆದರೆ ಅಡಿಯಲ್ಲಿ ತಗಡು ಉಳಿದಿರುವ ಸಂಭವ ಹೆಚ್ಚು. ಮೂಡಿಗೆರೆಯದ್ದು ಮೇಲೆ ಮಿರಮಿರ ಮಿಂಚುತ್ತಿದ್ದರೂ ಕೆಳಗೆ ಟೊಳ್ಳಿರಬಹುದು. ಎರಡೂ ಒಂದೇ ಬೆಲೆಗೆ ಬಂದರೆ ನಾನು ಕಣ್ಣುಮುಚ್ಚಿ ಬಿಸಿಲಿನ ಕಾರನ್ನು ಆರಿಸುತ್ತೇನೆ.

ತಗಡು ಪಾಸಾದ ಮೇಲೆ ಕಾಗದಪತ್ರ. ಮಲೆನಾಡಿನ ಹಳೆ ಗಾಡಿಗಳ ಆರ್‌ಸಿ ಪುಸ್ತಕ ಬಹುಪಾಲು ತೀರಿಕೊಂಡ ಅಜ್ಜನ ಹೆಸರಲ್ಲೇ ಇರುತ್ತದೆ. ಆಗ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ನಮೂನೆ 31. ಅಲ್ಲಿಂದ ನಿಮ್ಮ ಹೆಸರಿಗೆ ಬರಲು ನಮೂನೆ 29 ಮತ್ತು 30. ಪುಸ್ತಕ ಕಳೆದಿದ್ದರೆ ನಕಲಿಗಾಗಿ ನಮೂನೆ 26. ನಾಲ್ಕು ಜನ ಮಕ್ಕಳಲ್ಲಿ ಒಬ್ಬರು ಸಹಿಗೆ ಒಲ್ಲೆ ಅಂದರೂ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ, ನಿಮ್ಮ ಮುಂಗಡವೂ ಅದರ ಜೊತೆಗೇ. “ಪೇಪರ್ ಆಮೇಲೆ ಮಾಡಿಸಿಕೊಡ್ತೀವಿ” ಎಂಬ ಮಾತಿಗೆ ನನ್ನ ಉತ್ತರ, ದುಡ್ಡೂ ಆಮೇಲೆಯೇ ಕೊಡೋಣ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಒಂದೊಂದು ಅಂಕಿಯೂ ಆರ್‌ಸಿಗೆ ತಾಳೆಯಾಗಬೇಕು. ಆ ನಂಬರು ಸರ್ಕಾರದ ವಾಹನ್ ದಾಖಲೆಯಲ್ಲಿ ಏರಿದೆಯೇ ಎಂಬುದನ್ನೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಹಳೆಯ ದಾಖಲೆಗಳೆಲ್ಲ ಕಂಪ್ಯೂಟರಿಗೆ ಬಂದಿರುವುದಿಲ್ಲ.

ಇಂಜಿನ್ ನಂಬರಿನ ಕಥೆ ಬೇರೆ. ಪೆಟ್ರೋಲ್ ಜೀಪಿನ ಇಂಜಿನ್ ಕಿತ್ತು ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸುವುದು ಒಂದು ಕಾಲದಲ್ಲಿ ತೀರಾ ಮಾಮೂಲು. ತೋಟದ ಕೆಲಸಕ್ಕೆ ಅದು ಜಾಣತನವೇ ಆಗಿತ್ತು. ಆದರೆ ಆರ್‌ಸಿಯಲ್ಲಿ ಇಂದಿಗೂ ಪೆಟ್ರೋಲ್ ಎಂದೇ ಇದ್ದರೆ ವರ್ಗಾವಣೆಗೆ ತಕರಾರು, ವಿಂಟೇಜ್ ನೋಂದಣಿಗೆ ‘ಮೂಲರೂಪ’ದ ತಕರಾರು. ವಿಂಟೇಜ್ ಆದರೂ ಅದೇನು ಪರಮಾಧಿಕಾರವಲ್ಲ. ಹೊಸದಾಗಿ ನೋಂದಾಯಿಸಿದರೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ಆ ಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಹೊರಗೆ ತೆಗೆಯಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಭಾನುವಾರ ಬಾಬಾಬುಡನ್‌ಗಿರಿಗೆ ಹೋಗಿ ಬರುವ ಆಸೆಯಿದ್ದವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗುವುದು ಲೇಸು.

ಇನ್ನು ಬೆಲೆ. ಇದೇ ಮಾದರಿಯ, ಓಡುವ, ಕಾಗದ ಸರಿಯಿರುವ ಕಾರು ಎಷ್ಟಕ್ಕೆ ಸಿಗುತ್ತದೆ ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಮಾತಿಗೆ ನಾಲ್ಕು ಲಕ್ಷ ಎನ್ನೋಣ. ಟಿಂಕರಿಂಗ್, ಬಣ್ಣ, ಇಂಜಿನ್, ಬ್ರೇಕು, ವೈರಿಂಗ್, ಸೀಟು, ಟೈರು ಸೇರಿ ಮೂರೂವರೆ ಬಂದರೆ ಈ ಗಾಡಿಯ ಯೋಗ್ಯತೆ ಐವತ್ತು ಸಾವಿರ, ಅದೂ ಅಂದಾಜು ಮೀರದಿದ್ದರೆ. ಅಂದಾಜು ಮೀರದ ರೆಸ್ಟೋರೇಷನ್ನು ನಾನಂತೂ ಕೇಳಿಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಪದ್ಮಿನಿಯದ್ದು ಸುಮಾರು 2000ದ ಹೊತ್ತಿಗೆ. ಓಡುವಂಥವು ಇನ್ನೂ ಸಿಗುವುದರಿಂದ ಇವುಗಳ ಪ್ರಾಜೆಕ್ಟ್ ಲೆಕ್ಕಕ್ಕೆ ಕೂರುವುದು ಕಷ್ಟ. ಅಪ್ಪನದೋ ಅಜ್ಜನದೋ ಕಾರಾದರೆ ಲೆಕ್ಕವನ್ನೇ ಬಿಡಿ, ಅದಕ್ಕೆ ಬೇರೆ ತಕ್ಕಡಿ. ಮದ್ರಾಸಿನಲ್ಲಿ 1961ರಿಂದ ಹತ್ತೇ ವರ್ಷ ತಯಾರಾದ ಹೆರಾಲ್ಡಿನ ಮಾತು ಹಾಗಲ್ಲ. ಒಳ್ಳೆಯದು ಬೇಕೆಂದರೂ ಸಿಗದಿರುವಾಗ ಪ್ರಾಜೆಕ್ಟಿಗೆ ಅರ್ಥವಿದೆ. ಆದರೆ ಅಪರೂಪದ ಕಾರಿನಲ್ಲಿ ಕಾಣೆಯಾದ ಭಾಗಗಳೂ ಅಪರೂಪವೇ. ಇಂಜಿನ್ ಭಾಗ ಸಿಕ್ಕೀತು, ಮುಂದಿನ ಗ್ರಿಲ್ಲು, ಲೋಹದ ಬೀಡಿಂಗು, ಹಿಂಗಾಜು, ಮೀಟರು ಸಿಗವು. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹವನ್ನು ಒಮ್ಮೆ ನಿಧಾನವಾಗಿ ನೋಡಿ ಬಂದರೆ, ಯಾವ ಕಾರಿನ ಮೇಲೆ ಏನೇನು ಇರಬೇಕಿತ್ತು ಎಂಬ ಚಿತ್ರ ಕಣ್ಣಿಗೆ ಕೂರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಬೇರೊಬ್ಬರು ಬಿಚ್ಚಿ ಕೈಬಿಟ್ಟ ಕಾರು. ಬಾಡಿ ಒಂದು ಕಡೆ, ಕಾಫಿ ಚೀಲಗಳಲ್ಲಿ ನಟ್ಟು ಬೋಲ್ಟು, ಡಬ್ಬದಲ್ಲಿ ಯಾವ ಗಾಡಿಯದೋ ಕಾರ್ಬುರೇಟರ್. ಅಗ್ಗ ಅನ್ನಿಸುತ್ತದೆ, ಆದರೆ ಏನಿಲ್ಲ ಎಂಬುದು ಪೂರ್ತಿ ಜೋಡಿಸುವವರೆಗೆ ತಿಳಿಯದು. ಹತ್ತು ವರ್ಷ ಯಾರೂ ಮುಟ್ಟದೆ ಧೂಳು ತಿಂದ ಇಡೀ ಕಾರು ಇದಕ್ಕಿಂತ ಎಷ್ಟೋ ವಾಸಿ.

ನೋಡಲು ಹೋಗುವುದಿದ್ದರೆ ಮಳೆಗಾಲದಲ್ಲೇ ಹೋಗಿ. ಜುಲೈನಲ್ಲಿ ಮ್ಯಾಟ್ ಎತ್ತಿದರೆ ಎಲ್ಲೆಲ್ಲಿ ಸೋರುತ್ತದೆ ಎಂದು ಕಾರೇ ಹೇಳುತ್ತದೆ, ಬೇಸಿಗೆಯಲ್ಲಿ ಎಲ್ಲವೂ ಒಣಗಿ ಮುಚ್ಚಿಹೋಗಿರುತ್ತದೆ. ಕೊಂಡ ಮೇಲೆ ಇಂಜಿನ್, ಬ್ರೇಕಿನ ಕೆಲಸ ಮಳೆಯಲ್ಲೇ ಶುರು ಮಾಡಬಹುದು. ಬಣ್ಣವನ್ನು ಮಾತ್ರ ದೀಪಾವಳಿ ಕಳೆಯುವವರೆಗೆ ಮುಟ್ಟಬಾರದು, ತೇವದ ಗಾಳಿಯಲ್ಲಿ ಹೊಡೆದದ್ದು ಮಬ್ಬಾಗಿ ಮುಂದಿನ ವರ್ಷಕ್ಕೆ ಗುಳ್ಳೆ ಏಳುತ್ತದೆ.